ಸೌಟಜ್ಜನ ದನಿ

ನಿಧಾನಕ್ಕ ಅಂತ ಅವಳಿಗೆ ಹೆಸರಿಟ್ಟವಳು ಅತ್ತಿಗೆ. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ, ನಾದಿನಿ ಒಂದು ಬಟ್ಟಲು ಬಟಾಣಿ ಸುಲಿಯಲು ಮಧ್ಯಾಹ್ನವಿಡೀ ಕೂತದ್ದನ್ನು ನೋಡಿ ತಮಾಷೆಗೆ ಅಂದ ಮಾತು ಅದು. ಮನೆಯಿಂದ ಬೀದಿಗೆ, ಬೀದಿಯಿಂದ ಕೆಲಸದ ಜಾಗಕ್ಕೆ ಅದು ಹೇಗೆ ನಡೆದುಹೋಯಿತೋ, ಕೊನೆಗೆ ಅವಳ ನಿಜವಾದ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ಬೇಡವಾಯಿತು. ಅವಳಿಗೂ ಬೇಸರವಿರಲಿಲ್ಲ. ನಿಧಾನವೇ ಅವಳ ಅನ್ನವಾಗಿತ್ತು.

ಮೊದಲು ಅವಳು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿದ್ದಳು. ಮೇಣ ಕರಗಿಸುವುದು, ಅಚ್ಚು ಹೊಯ್ಯುವುದು, ಒಂದು ಕೋರೆಹಲ್ಲನ್ನು ಪಕ್ಕದ ಹಲ್ಲಿಗೆ ಹೊಂದುವ ಹಾಗೆ ಉಜ್ಜುತ್ತ ಕೂರುವುದು. ಒಂದು ದಿನ ಅಲ್ಲಿಗೆ ಗಡ್ಡದ ಮನುಷ್ಯನೊಬ್ಬ ಬಂದ. ಕೈಯಲ್ಲಿ ಒಂದು ಮರದ ಸೌಟು.

"ಇದಕ್ಕೆ ಬಾಯಿ ಬೇಕಿತ್ತು" ಎಂದ.

ಲ್ಯಾಬಿನವರೆಲ್ಲ ಮುಖ ಮುಖ ನೋಡಿಕೊಂಡರು. ನಿಧಾನಕ್ಕ ಮಾತ್ರ ಸೌಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಎಷ್ಟು ಬಾಯಿ?" ಎಂದು ಕೇಳಿದಳು.

ಗಡ್ಡದವನು ಮಕ್ಕಳ ಟಿ.ವಿ. ಧಾರಾವಾಹಿಯೊಂದನ್ನು ಮಾಡಲು ಹೊರಟಿದ್ದ ನಿರ್ದೇಶಕ. 'ಮನೆಯವರು ಮಲಗಿದ ಮೇಲೆ' ಎಂದು ಅದರ ಹೆಸರು. ಮನೆಮಂದಿ ನಿದ್ದೆ ಹೋದ ಮೇಲೆ ಅಡುಗೆಮನೆಯ ಸಾಮಾನುಗಳೆಲ್ಲ ಎದ್ದು ಓಡಾಡುವ ಕತೆ. ಊರ ಸುದ್ದಿಯನ್ನೆಲ್ಲ ಸೋಸಿ ಸೋಸಿ ಹೇಳುವ ಜರಡಿಯತ್ತೆ, ತನ್ನ ಪಾತ್ರೆ ಯಾವುದೆಂದು ಸದಾ ಹುಡುಕುವ ಮುಚ್ಚಳ, ಎಲ್ಲದಕ್ಕೂ ಅಳುವ ಪುಟ್ಟ ಚಮಚ, ಇವರೆಲ್ಲರಿಗೂ ಬುದ್ಧಿ ಹೇಳಲು ಹೋಗಿ ತಾನೇ ಪೇಚಿಗೆ ಸಿಕ್ಕಿಬೀಳುವ ಸೌಟಜ್ಜ. ಕಾರ್ಟೂನಿನ ಹಾಗೆ ಬರೆದ ಚಿತ್ರಗಳಲ್ಲ. ನಿಜವಾದ ಸೌಟನ್ನು ಒಂದು ಕೂದಲೆಳೆಯಷ್ಟು ಸರಿಸಿ, ಹಿಂದೆ ನಿಂತು, ಒಂದು ಫೋಟೋ ತೆಗೆಯುವುದು. ಮತ್ತೆ ಕೂದಲೆಳೆಯಷ್ಟು ಸರಿಸಿ ಇನ್ನೊಂದು. ಆ ಫೋಟೋಗಳನ್ನು ಸಾಲಾಗಿ ಓಡಿಸಿದರೆ ಸೌಟು ತಾನಾಗಿ ನಡೆಯುತ್ತದೆ, ನಗುತ್ತದೆ, ಮುನಿಸಿಕೊಳ್ಳುತ್ತದೆ. ಬಾಯಿ ಮಾಡಿಕೊಡಲು ಹೋದವಳ ಕೈ ನೋಡಿ ನಿರ್ದೇಶಕ ಅವಳಿಗೇ ಸೌಟಜ್ಜನನ್ನು ಒಪ್ಪಿಸಿಬಿಟ್ಟ. ಅವಳು ಲ್ಯಾಬು ಬಿಟ್ಟಳು.

"ಬೆಳಿಗ್ಗೆ ಹೋದವಳು ಈಗ ಬರ್ತಿದೀಯ. ಇವತ್ತು ಏನು ಮಾಡ್ತು ನಿನ್ನ ಸೌಟು?" ಎಂದು ಅತ್ತಿಗೆ ಸಂಜೆ ಕೇಳುತ್ತಿದ್ದಳು.

"ತಿರುಗಿ ನೋಡ್ತು."

"ಅಷ್ಟೇನಾ?"

"ನಾಳೆ ಸೀನುತ್ತೆ."

"ದೇವರು ದೊಡ್ಡೋನು. ಈ ಮನೆ ಸೌಟು ನಿನ್ನ ಕೈಲಿದ್ದಿದ್ರೆ ನಿಮ್ಮಣ್ಣ ಉಪವಾಸ ಬಿದ್ದು ಸಾಯ್ತಿದ್ರು!"

ಕೆಲಸ ನಡೆಯುತ್ತಿದ್ದುದು ಹಿಂದೊಮ್ಮೆ ಬಟ್ಟೆಯ ಗೋದಾಮಾಗಿದ್ದ ಉದ್ದನೆಯ ಕಟ್ಟಡದಲ್ಲಿ. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಹೊರಗೆ ಮೋಡ ಬಂದು ಬೆಳಕು ಬದಲಾದರೆ ಒಳಗೆ ಸೌಟಜ್ಜನ ಮುಖವೂ ಕಪ್ಪಿಡುತ್ತಿತ್ತಲ್ಲ, ಅದಕ್ಕೆ. ನಡುವೆ ಸೊಂಟದೆತ್ತರದ ಮೇಜಿನ ಮೇಲೆ ಅಡುಗೆಮನೆ: ಕಪಾಟು, ಸಿಂಕು, ತೊಟ್ಟಿಕ್ಕದ ನಲ್ಲಿ. ಸೌಟಜ್ಜನ ಹಿಡಿಯೊಳಗೆ ತಂತಿ ಸೇರಿಸಿ ಬಗ್ಗುವಂತೆ ಮಾಡಿದ್ದರು. ಬಟ್ಟಲಿನ ಬೆನ್ನೇ ಅವನ ಮುಖ. ಆ ಮುಖಕ್ಕೆ ಅಂಟಿಸುವ ಬಾಯಿಗಳು ಪಕ್ಕದ ಡಬ್ಬಿಯಲ್ಲಿ. ಅಕಾರಕ್ಕೊಂದು, ಓಕಾರಕ್ಕೊಂದು, ತುಟಿ ಮುಚ್ಚಿದ ಮಕಾರಕ್ಕೊಂದು. ಅವನ್ನೆಲ್ಲ ಮಾಡಿದವಳು ಅವಳೇ.

ಯಾವ ಬಾಯಿ ಯಾವಾಗ ಎಂದು ಹೇಳುತ್ತಿದ್ದುದು ದನಿ. ಮಾತು ಮೊದಲೇ ರೆಕಾರ್ಡಾಗಿ ಬರುತ್ತಿತ್ತು. ಅವಳು ಕಿವಿಗೆ ಹೆಡ್‌ಫೋನು ಹಾಕಿ ಅದನ್ನು ಚೂರು ಚೂರಾಗಿ ಕೇಳಬೇಕು. ಸೌಟಜ್ಜನ ದನಿ ರೈಲು ನಿಲ್ದಾಣದ ಅನೌನ್ಸರ್ ಒಬ್ಬರದು. ರಜೆಯ ದಿನ ಅವರು ಊರಿನ ಇನ್ನೊಂದು ತುದಿಯ ರೆಕಾರ್ಡಿಂಗ್ ಕೋಣೆಗೆ ಹೋಗಿ ಓದಿ ಬರುತ್ತಿದ್ದರು. ಅವಳು ಅವರನ್ನು ಕಂಡಿರಲಿಲ್ಲ. ಆದರೆ ಒಂದು "ಅಯ್ಯೋ ಮಕ್ಕಳಾ" ಎನ್ನುವುದನ್ನು ಎರಡು ದಿನ ಕಿವಿಯಲ್ಲಿಟ್ಟುಕೊಂಡು ಕೂತವಳಿಗೆ ಆ ಮನುಷ್ಯ ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ, ನಗು ಬರುವ ಮುಂಚೆ ಗಂಟಲಲ್ಲಿ ಏನಾಗುತ್ತದೆ, ಯಾವ ಪದವನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಆಮೇಲೆ ಬಿಡುತ್ತಾರೆ, ಎಲ್ಲ ತಿಳಿದುಹೋಗಿತ್ತು. ಅವರ ಳಕಾರ ಬಹಳ ಚೆಂದ. ಬೇರೆಯವರ ಳಕಾರಕ್ಕೆ ಲಕಾರದ ಬಾಯೇ ಸಾಕಾಗುತ್ತಿತ್ತು. ಇವರಿಗಾಗಿ ಅವಳು ನಾಲಿಗೆ ಮಡಚಿದ ಒಂದು ಬಾಯಿಯನ್ನು ಬೇರೆಯಾಗಿಯೇ ಮಾಡಿದಳು. ಟಿ.ವಿ.ಯಲ್ಲಿ ಅದು ಯಾರ ಕಣ್ಣಿಗೂ ಬೀಳುವಂಥದಲ್ಲ.

ಒಂದು ಸಲ ಸೌಟಜ್ಜನ ಮಾತು ಮುಗಿದ ಮೇಲೂ ಟೇಪು ಓಡುತ್ತಿತ್ತು. ರೆಕಾರ್ಡ್ ಮಾಡುವ ಮುದುಕರು ತೂಕಡಿಸಿದ್ದರೋ ಏನೋ, ಬಾಲ ಕತ್ತರಿಸಿರಲಿಲ್ಲ. ಕುರ್ಚಿ ಸರಿದ ಸದ್ದು. ಆಮೇಲೆ ಅದೇ ದನಿ, ಆದರೆ ಅಜ್ಜನ ನಡುಕವಿಲ್ಲದೆ:

"ಅಲ್ಲಾ, ಈ ಸೌಟು ಆಡ್ಸೋದು ಯಾರು? ಹೋದ ವಾರ ಟಿ.ವಿ.ಲಿ ನೋಡ್ದೆ. ಮಾತಾಡೋ ಮುಂಚೆ ಅಜ್ಜ ಒಂದ್ಸಲ ನೆಲ ನೋಡ್ತಾನೆ. ನಾನು ಓದೋವಾಗ ಹಾಗೇನೂ ಮಾಡಿರ್ಲಿಲ್ಲ. ಆದ್ರೆ ಮನೇಲಿ ಮಾಡ್ತೀನಿ. ಅವರಿಗೆ ಹೆಂಗೆ ಗೊತ್ತಾಯ್ತು? ಕೇಳಿ ಸ್ವಲ್ಪ."

ನಿಧಾನಕ್ಕ ಹೆಡ್‌ಫೋನು ತೆಗೆದಿಟ್ಟಳು. ಮತ್ತೆ ಹಾಕಿಕೊಂಡಳು. ಆ ದಿನ ಸೌಟಜ್ಜ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಉತ್ತರ ಕೊಡುವುದು ಹೇಗೆ? ಫೋನು ಮಾಡಿ "ನಾನೇ ರೀ ಅದು" ಅನ್ನುವ ಜಾಯಮಾನ ಅವಳದಲ್ಲ. ಮುಂದಿನ ಕಂತಿನಲ್ಲಿ ಸೌಟಜ್ಜ ಮಾತು ಮುಗಿಸಿ ಹೊರಟವನು, ಬಾಗಿಲ ಹತ್ತಿರ ನಿಂತು, ಕ್ಯಾಮೆರಾದ ಕಡೆ ತಿರುಗಿ, ತಲೆಯನ್ನು ಚೂರೇ ಬಗ್ಗಿಸಿ ಹೋದ. ಕತೆಯಲ್ಲಿ ಅದಕ್ಕೆ ಅರ್ಥವಿರಲಿಲ್ಲ. ನಿರ್ದೇಶಕ "ಇದೇನು?" ಎಂದ. "ಚೆನ್ನಾಗಿರತ್ತೆ ಅಂತ" ಎಂದಳು. ಅದು ಟಿ.ವಿ.ಯಲ್ಲಿ ಬಂದ ಮೇಲೆ ಸಿಕ್ಕ ಟೇಪಿನ ಬಾಲದಲ್ಲಿ ಎರಡೇ ಮಾತು: "ಗೊತ್ತಾಯ್ತು. ನಮಸ್ಕಾರ."

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಅವರು ದನಿಯಲ್ಲಿ ಹೇಳುವುದು, ಇವಳು ಸೌಟಿನಲ್ಲಿ ಹೇಳುವುದು. "ಇವತ್ತು ನೆಗಡಿ, ಅಜ್ಜಂಗೂ ನೆಗಡಿ ಅಂದ್ಕೊಳ್ಳಿ" ಎಂದರೆ ಆ ಕಂತಿನಲ್ಲಿ ಸೌಟಜ್ಜನ ಕುತ್ತಿಗೆಗೆ ಒರೆಸುವ ಬಟ್ಟೆಯ ಚೂರೊಂದು ಸುತ್ತಿಕೊಳ್ಳುತ್ತಿತ್ತು. ಒಮ್ಮೆ ಅವರು, ಎಂದಿನ ನಗೆಯಲ್ಲೇ, "ನಮ್ಮನೆ ಅಡುಗೆಮನೇಲಿ ಇರೋದೇ ಇಬ್ರು. ನಾನು, ಒಂದು ಬಾಣಲೆ. ನನ್ನ ಹೆಂಡ್ತಿ ಹೋದ ಮೇಲೆ ಅದೂ ಮಾತು ಬಿಟ್ಟಿದೆ" ಎಂದರು. ನಗೆಯ ಕೊನೆಯಲ್ಲಿ ಉಸಿರು ಒಂದಿಷ್ಟು ಹೆಚ್ಚೇ ಉಳಿದಿತ್ತು. ಬೇರೆಯವರಿಗೆ ಕೇಳಿಸದಷ್ಟು. ಆ ಕಂತಿನಲ್ಲಿ ಸೌಟಜ್ಜ ಮೂಲೆಯಲ್ಲಿದ್ದ ಬಾಣಲೆಯ ಹತ್ತಿರ ಹೋಗಿ, ಏನೂ ಹೇಳದೆ, ಅದಕ್ಕೆ ಒರಗಿ ಕೂತ. ಟಿ.ವಿ.ಯಲ್ಲಿ ಅದು ಒಂದು ಆಕಳಿಕೆಯಷ್ಟು ಹೊತ್ತು. ಅವಳಿಗೆ ಅದು ಒಂದಿಡೀ ವಾರ.

ಅಣ್ಣನ ಮನೆಯಿಂದ ಗೋದಾಮಿಗೆ ನೇರವಾದ ಬಸ್ಸಿತ್ತು. ಅವಳು ಅದನ್ನು ಬಿಟ್ಟು ರೈಲು ನಿಲ್ದಾಣ ಬಳಸಿಕೊಂಡು ಹೋಗತೊಡಗಿದಳು. ಪ್ಲಾಟ್‌ಫಾರಂ ಟಿಕೇಟು ತೆಗೆದುಕೊಂಡು, ಯಾರನ್ನೋ ಕಾಯುವವಳ ಹಾಗೆ ಬೆಂಚಿನಲ್ಲಿ ಕೂರುವಳು. ನೆತ್ತಿಯ ಮೇಲಿನ ಸ್ಪೀಕರಿನಿಂದ "ಪ್ರಯಾಣಿಕರ ಗಮನಕ್ಕೆ" ಎಂದು ಆ ದನಿ ಬೀಳುತ್ತಿತ್ತು. ಸುತ್ತಲಿನವರೆಲ್ಲ ಗಂಟುಮೂಟೆ ಎತ್ತಿಕೊಂಡು ಓಡುವರು, ಇವಳೊಬ್ಬಳು ಕೂತೇ ಇರುವಳು. ಮೇಲ್ಸೇತುವೆಯ ಬುಡದಲ್ಲಿ ಗಾಜಿನ ಕಿಟಕಿಯ ಒಂದು ಕೋಣೆ. ಒಳಗೆ ನರೆತ ತಲೆ, ಬೂದು ಬಣ್ಣದ ಸ್ವೆಟರಿನ ಬೆನ್ನು, ಮೇಜಿನ ಮೇಲೆ ಒಂದು ಫ್ಲಾಸ್ಕು. ಬಾಗಿಲು ತಟ್ಟಿದರೆ ಮುಗಿಯಿತು. ಕೈ ಏಳಲಿಲ್ಲ. ಎಲ್ಲವನ್ನೂ ಕೂದಲೆಳೆಯಷ್ಟೇ ಸರಿಸಿ ಅಭ್ಯಾಸವಾದವಳು ಈ ವಿಷಯದಲ್ಲೂ ಅಷ್ಟಷ್ಟೇ ಸರಿಯುತ್ತಿದ್ದಳು. ಒಂದು ತಿಂಗಳು ದೂರದ ಬೆಂಚು, ಇನ್ನೊಂದು ತಿಂಗಳು ಅದರ ಈಚಿನದು.

ಒಮ್ಮೆ ಮಾತ್ರ ಇಬ್ಬರೂ ಎದುರಾದರು. ಧಾರಾವಾಹಿಗೆ ಯಾವುದೋ ಬಹುಮಾನ ಬಂತೆಂದು ನಿರ್ದೇಶಕ ಗೋದಾಮಿನಲ್ಲೇ ಎಲ್ಲರಿಗೂ ಟೀ ಇಟ್ಟುಕೊಂಡಿದ್ದ. ದನಿಗಳೂ ಬಂದಿದ್ದವು. ಜರಡಿಯತ್ತೆಯ ದನಿ ಒಬ್ಬ ದಪ್ಪ ಮೀಸೆಯ ಗಂಡಸು ಎಂದು ಗೊತ್ತಾಗಿ ಎಲ್ಲರೂ ಬಿದ್ದು ಬಿದ್ದು ನಗುತ್ತಿರುವಾಗ, ಬೂದು ಸ್ವೆಟರು ಅವಳ ಮುಂದೆ ಬಂದು ನಿಂತಿತು.

"ನೀವೇನಾ? ಕೈ ತೋರ್ಸಿ."

ಅವಳು ತೋರಿಸಿದಳು. ಉಗುರು ಮೋಟಾಗಿ ಕತ್ತರಿಸಿದ, ಬೆರಳ ತುದಿಗೆ ಅಂಟು ಹತ್ತಿದ ಕೈ.

"ಇಷ್ಟು ಚಿಕ್ಕವಾ!" ಎಂದರು. ನೆಲ ನೋಡಿ, ಆಮೇಲೆ ಹೇಳಿದರು: "ಒಂದ್ಸಲ ಸ್ಟೇಷನ್ನಿಗೆ ಬನ್ನಿ. ನಿಮ್ಮ ಹೆಸರು ಕೂಗಿ ಹೇಳ್ತೀನಿ. ಅಷ್ಟಕ್ಕೆ ಯಾವ ರೈಲೂ ಲೇಟಾಗಲ್ಲ."

ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಬೆಂಚು, ಸ್ಪೀಕರು, ಮಡಚಿದ ನಾಲಿಗೆಯ ಬಾಯಿ. ನಿಧಾನಕ್ಕನ ಬಾಯಿಂದ ಬಂದದ್ದು: "ಟೀ ಆರ್‍ತಾ ಇದೆ, ಕುಡೀರಿ."

ಅವರು ಕುಡಿದರು. ಯಾರೋ ಕರೆದರು, ಹೋದರು. ಆ ಒಂದು ಮಾತಿಗಾಗಿ ಅವಳು ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಮುಂದಿನ ವರ್ಷದ ಟೇಪುಗಳಲ್ಲಿ ಅವಳಿಗೆ ಏನೋ ಕೇಳಿಸತೊಡಗಿತು. ಮೊದಲು ಗಕಾರದಲ್ಲಿ. ಮರಳು ಕಾಗದಕ್ಕೆ ಉಗುರು ತಾಗಿದಂಥ ಒಂದು ಗೀರು. ನೆಗಡಿಯಿರಬೇಕು ಅಂದುಕೊಂಡಳು. ನೆಗಡಿ ಹೋಗುವಷ್ಟು ಕಾಲ ಹೋಯಿತು, ಗೀರು ಹೋಗಲಿಲ್ಲ. ಕಕಾರಕ್ಕೆ ಬಂತು. ಆಮೇಲೆ ಸ್ವರಗಳಿಗೂ ಹತ್ತಿತು. ಬಾಲದ ಮಾತಿನಲ್ಲಿ ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ಉಳಿದವರಿಗೆ ಅಜ್ಜನ ದನಿ ಇನ್ನಷ್ಟು ಅಜ್ಜನ ಹಾಗೆ ಕೇಳಿ ಇಷ್ಟವೇ ಆಗಿತ್ತು. ಅವಳಿಗೆ ಊಟ ಸೇರಲಿಲ್ಲ.

ಆ ಸಲ ನಿಲ್ದಾಣಕ್ಕೆ ಹೋದವಳು ಬೆಂಚಿನಲ್ಲಿ ಕೂರಲಿಲ್ಲ. ನೇರವಾಗಿ ಹೋಗಿ ಗಾಜಿನ ಕೋಣೆಯ ಬಾಗಿಲು ತಟ್ಟಿದಳು.

ಅವರು ತಿರುಗಿ ನೋಡಿ ಎದ್ದೇ ನಿಂತರು. "ಅರೆ, ಬಂದ್ರಾ! ಇರಿ, ಹೆಸರು ಕೂಗ್ತೀನಿ."

"ಗಂಟಲು ತೋರಿಸ್ಕೊಳ್ಳಿ" ಎಂದಳು ಅವಳು. ನಮಸ್ಕಾರವಿಲ್ಲ, ಏನಿಲ್ಲ.

"ಏನು?"

"ಡಾಕ್ಟ್ರಿಗೆ. ಇವತ್ತೇ ಹೋಗಿ. ನೀವು 'ಗ' ಅಂದ್ರೆ ನಂಗೆ ಭಯ ಆಗತ್ತೆ."

ಅವರು ನಗಲು ಬಾಯಿ ತೆರೆದರು. ಅವಳ ಮುಖ ನೋಡಿ ಮುಚ್ಚಿದರು. ಅಷ್ಟರಲ್ಲಿ ಮೇಜಿನ ಮೇಲೆ ದೀಪ ಹೊತ್ತಿತು. ಬರುವ ರೈಲಿನ ಸೂಚನೆ. ಅವರು ಮೈಕಿನ ಮುಂದೆ ಬಾಗಿ ಹೇಳಬೇಕಾದ್ದನ್ನು ಹೇಳಿದರು. ಅವಳು ಪಕ್ಕದಲ್ಲೇ ನಿಂತು ಕೇಳಿದಳು. ಹೆಡ್‌ಫೋನೂ ಇಲ್ಲ, ಸ್ಪೀಕರೂ ಇಲ್ಲ. ಪ್ರಯಾಣಿಕರನ್ನು ಕರೆಯುವ ಆ ದನಿಯನ್ನು ಅದು ಹುಟ್ಟುವ ಜಾಗದಲ್ಲೇ ಅವಳು ಕೇಳಿದ್ದು ಅದೊಂದೇ ಸಲ.

ಗಂಟಲಲ್ಲಿ ಗಂಟು ಇತ್ತು. ಬೇಗ ಗೊತ್ತಾದದ್ದರಿಂದ ಜೀವಕ್ಕೆ ತೊಂದರೆಯಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಅವರು ಆಸ್ಪತ್ರೆಗೆ ಸೇರುವ ಮುಂಚೆ ಸ್ವಲ್ಪ ದಿನದ ಗಡುವು ಕೇಳಿಕೊಂಡು, ಉಳಿದಿದ್ದ ಕಂತುಗಳ ಮಾತನ್ನೆಲ್ಲ ಒಟ್ಟಿಗೇ ಓದಿ ಮುಗಿಸಿದರು. ಸೌಟಜ್ಜನಿಗೆ ಬೇರೆ ದನಿ ತರಲು ನಿರ್ದೇಶಕನಿಗೂ ಮನಸ್ಸಾಗಲಿಲ್ಲ. ಈ ಕಂತುಗಳೊಂದಿಗೆ ಧಾರಾವಾಹಿ ಮುಗಿಸುವುದೆಂದು ತೀರ್ಮಾನವಾಯಿತು.

ಅವರು ಆಸ್ಪತ್ರೆ ಸೇರಿದ ಮೇಲೆ ಟೇಪು ಬಂತು. ಆ ದಿನ ನಿಧಾನಕ್ಕ ಮೊದಲು ಕೇಳಿದ್ದು ಕೊನೆಯನ್ನು. ಸೌಟಜ್ಜ "ಇನ್ನು ಮಲಗ್ರಪ್ಪಾ, ಬೆಳಗಾಗತ್ತೆ" ಎಂದ. ಆಮೇಲೆ ಒಂದು ಉಸಿರು, ಏನನ್ನೋ ಹೇಳಲು ಒಳಗೆಳೆದುಕೊಂಡ ಉಸಿರು. ಅಲ್ಲಿಗೆ ಟೇಪು ಚಕ್ ಎಂದು ನಿಂತಿತು.

ಅವಳು ಓಡಿದಳು. ಆ ಹೆಣ್ಣು ಓಡಿದ್ದನ್ನು ಗೋದಾಮಿನವರು ನೋಡಿದ್ದು ಅದೇ ಮೊದಲು. ರೆಕಾರ್ಡಿಂಗ್ ಕೋಣೆಯ ಮುದುಕರು ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಬಂದಾತ ಅಚ್ಚುಕಟ್ಟಿನ ಮನುಷ್ಯ.

"ಹೌದು, ಕೊನೇಲಿ ಏನೋ ಹೇಳಿದ್ರು. ಕತೆಗೆ ಸಂಬಂಧ ಇಲ್ದಿದ್ದು. ತೆಗೆದ್ಬಿಟ್ಟೆ."

"ಏನು ಹೇಳಿದ್ರು?"

"ನಾನು ಸದ್ದಿನ ಮಟ್ಟ ನೋಡ್ತಿರ್ತೀನಿ ಮೇಡಂ, ಮಾತು ಕಿವಿಗೆ ಹಾಕ್ಕೊಳಲ್ಲ. ಸ್ವಲ್ಪ ಉದ್ದ ಇತ್ತು. ಯಾಕೆ, ಬೇಕಿತ್ತಾ?"

ಆತನದೇನೂ ತಪ್ಪಿಲ್ಲ. ಅವಳು "ಪರವಾಗಿಲ್ಲ" ಎಂದು ಹೇಳಿ ಬಂದು, ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಆ ಕಂತುಗಳನ್ನು ಅವಳು ಎಂದಿಗಿಂತ ನಿಧಾನವಾಗಿ ಮಾಡಿದಳು. ಮುಗಿಸಿದಷ್ಟೂ ಆ ಬಾಯಿಯ ಹೊಸ ಮಾತು ಲೋಕದಲ್ಲಿ ಕಡಿಮೆಯಾಗುತ್ತಿತ್ತು. ನಿರ್ದೇಶಕ ಗಡಿಯಾರ ನೋಡುತ್ತಿದ್ದ, ಆದರೆ ಆತುರಪಡಿಸಲಿಲ್ಲ. ಕೊನೆಗೊಂದು ದಿನ ಸೌಟಜ್ಜ ಕಪಾಟಿನ ಮೊಳೆಗೆ ತಾನೇ ನೇತುಬಿದ್ದು ನಿದ್ದೆಗೆ ಕಣ್ಣು ಮುಚ್ಚಿದ. ಪರದೆಗಳನ್ನು ಬಿಚ್ಚಿದರು. ಅವಳು ಹಲ್ಲಿನ ಲ್ಯಾಬಿಗೆ ಮರಳಿದಳು.

ಆಪರೇಷನ್ನಿನ ನಂತರ ಮೊದಲ ಸಲ ಅವರ ಮನೆಗೆ ಹೋದಾಗ ಕುತ್ತಿಗೆಗೆ ಹತ್ತಿಬಟ್ಟೆ ಕಟ್ಟಿಕೊಂಡ ಅವರೇ ಬಾಗಿಲು ತೆರೆದರು. ಎರಡು ಕೋಣೆಯ ಮನೆ, ಒಗೆದು ಮಡಚದ ಬಟ್ಟೆ, ಒಲೆಯ ಮೇಲೆ ಆ ಬಾಣಲೆ. ಆಸ್ಪತ್ರೆಯವರು ಕೊಟ್ಟ ಒಂದು ಯಂತ್ರ ಅವರ ಹತ್ತಿರವಿತ್ತು. ಟಾರ್ಚಿನಂಥದ್ದು. ಗಂಟಲಿಗೆ ಒತ್ತಿ ಹಿಡಿದು ತುಟಿಯಾಡಿಸಿದರೆ ಮಾತಾಗುತ್ತದೆ. ಅವರು ಉತ್ಸಾಹದಿಂದ ಒತ್ತಿ ಹಿಡಿದು "ಬನ್ನಿ, ಕೂತ್ಕೊಳ್ಳಿ" ಎಂದರು.

ಗುಂಯ್ಯೆನ್ನುವ ಒಂದೇ ಮಟ್ಟದ ಸದ್ದು, ತಗಡಿನ ಡಬ್ಬಿಯಲ್ಲಿ ಜೀರುಂಡೆ ಸಿಕ್ಕಿದ ಹಾಗೆ. ನಿಧಾನಕ್ಕನ ಮುಖ ತಡೆಯುವಷ್ಟರಲ್ಲಿ ಕಿವುಚಿಹೋಯಿತು. ಅವರು ಅದನ್ನು ಕಂಡರು. ಯಂತ್ರವನ್ನು ಮೆಲ್ಲಗೆ ಡ್ರಾಯರಿಗೆ ಹಾಕಿ ಮುಚ್ಚಿದರು. ಆಮೇಲಿನದೆಲ್ಲ ಕೈಸನ್ನೆಯಲ್ಲೇ ನಡೆಯಿತು. ಟೀ? ಸಕ್ಕರೆ? ಸಾಕಾ?

ಮನೆಗೆ ಬಂದವಳಿಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದ್ದನ್ನೆಲ್ಲ ಅತ್ತಿಗೆಯ ಮುಂದೆ ತೋಡಿಕೊಂಡಳು. ಅತ್ತಿಗೆ ತಮಾಷೆ ಮಾಡಲಿಲ್ಲ. ಕೈಲಿದ್ದ ಕೆಲಸ ಪಕ್ಕಕ್ಕಿಟ್ಟಳು.

"ದನಿ ಹೋದದ್ದು ಅವರಿಗೆ ಕಣೇ. ನೀನ್ಯಾಕೆ ಅದಕ್ಕೆ ಅವರ ಮುಂದೆ ಅಳುಮುಖ ಮಾಡ್ತೀಯ?" ಎಂದಳು. ಕೆಲಸ ಮತ್ತೆ ಕೈಗೆತ್ತಿಕೊಳ್ಳುತ್ತ ಸೇರಿಸಿದಳು: "ಹೋಗು. ಭಾನುವಾರ ಮತ್ತೆ ಹೋಗು."

ಭಾನುವಾರ ಅವಳು ಹೋಗಿ, ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು, "ಆ ಮಿಷನ್ ತನ್ನಿ."

ಅವರು ತಲೆಯಾಡಿಸಿದರು, ಬೇಡವೆಂದು. ಅವಳೇ ಡ್ರಾಯರು ಎಳೆದು ತಂದು ಅವರ ಕೈಗಿಟ್ಟಳು. ಎದುರಿಗೆ ಕೂತು ಕೇಳಿದಳು:

"ಕೊನೇ ಟೇಪಲ್ಲಿ, ಅಜ್ಜನ ಮಾತು ಮುಗಿದ ಮೇಲೆ, ಏನಂದ್ರಿ? ರೆಕಾರ್ಡಿಂಗಿನವರು ಕತ್ತರಿಸಿಬಿಟ್ಟಿದ್ರು. ನಂಗೆ ಸಿಗ್ಲಿಲ್ಲ."

ಸಿಗಲಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಅವಳು ಅದನ್ನು ಕೇಳಿಯೂ ಸುಮ್ಮನಿದ್ದಾಳೆಂದು ಅವರು ತಿಳಿದಿದ್ದರು. ಅದು ಅವರ ಮುಖದ ಮೇಲೆ ಬಂದು ಹೋಯಿತು. ಯಂತ್ರವನ್ನು ಗಂಟಲಿಗೆ ಒತ್ತಿದರು.

"ನೆನಪಿಲ್ಲ" ಎಂದಿತು ಸದ್ದು.

ಆ ಹಳೆಯ ದನಿಯಾಗಿದ್ದರೆ ನಿಜವೋ ಸುಳ್ಳೋ ಅವಳಿಗೆ ಕ್ಷಣದಲ್ಲಿ ತಿಳಿಯುತ್ತಿತ್ತು. ಉಸಿರು ಹೇಳುತ್ತಿತ್ತು. ಈ ಸದ್ದಿನಲ್ಲಿ ಉಸಿರೇ ಇರಲಿಲ್ಲ. "ಹೋಗ್ಲಿ ಬಿಡಿ" ಎಂದಳು. ಆದರೆ ಅವಳು ಏಳಲಿಲ್ಲ, ಅವರೂ ಯಂತ್ರವನ್ನು ಡ್ರಾಯರಿಗೆ ಹಾಕಲಿಲ್ಲ.

ಅಂದಿನಿಂದ ಅವಳು ಪ್ರತಿ ಭಾನುವಾರ ಹೋಗುತ್ತಾಳೆ. "ಏನಂತೆ? ಮದುವೆನಾ?" ಎಂದು ಅಣ್ಣ ಕೇಳಿದರೆ "ಅವಳ ಲೆಕ್ಕದಲ್ಲಿ ಇನ್ನೂ ಬಾಗಿಲಿಗೆ ಬಂದಿದಾಳೆ, ತಡೀರಿ" ಎಂದು ಅತ್ತಿಗೆ ಬಾಯಿ ಮುಚ್ಚಿಸುತ್ತಾಳೆ. ಇಬ್ಬರೂ ಸೇರಿ ತರಕಾರಿ ಹೆಚ್ಚುತ್ತಾರೆ, ಬಟ್ಟೆ ಮಡಚುತ್ತಾರೆ. ಅವರು ಯಂತ್ರದಲ್ಲಿ ಜೋಕು ಹೇಳುತ್ತಾರೆ, ಅವಳು ನಗುತ್ತಾಳೆ. ಸುಳ್ಳು ನಗೆಯಲ್ಲ. ಆದರೂ ಎದುರಿಗೇ ಕೂತ ಮನುಷ್ಯನಿಗಾಗಿ ಅವಳ ಜೀವ ಹಂಬಲಿಸುತ್ತದೆ, ಅವರು ಎಲ್ಲೋ ದೂರದ ಊರಿಗೆ ಹೋಗಿಬಿಟ್ಟಿದ್ದಾರೇನೋ ಎನ್ನುವ ಹಾಗೆ. ಇದನ್ನು ಹೇಳುವುದು ಸಾಧ್ಯವಿಲ್ಲ. ಹೇಳದೆಯೂ ಅವರಿಗೆ ಗೊತ್ತು.

'ಮನೆಯವರು ಮಲಗಿದ ಮೇಲೆ' ಈಗ ಭಾನುವಾರ ಸಂಜೆ ಮರುಪ್ರಸಾರವಾಗುತ್ತದೆ. ಅವರು ಟಿ.ವಿ. ಹಾಕಿ ಬಂದು ಅವಳ ಪಕ್ಕ ಕೂರುತ್ತಾರೆ. ಪುಟ್ಟ ಚಮಚ ಅಳುತ್ತದೆ, ಮುಚ್ಚಳ ಉರುಳುತ್ತದೆ, ಸೌಟಜ್ಜ ಬರುತ್ತಾನೆ. ಅವರು ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ಆ ಸೌಟಿನ ಒಂದೊಂದು ಅಲುಗಾಟವನ್ನೂ ನೋಡುತ್ತಾರೆ. ಅವಳು ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ. ಕಂತು ಮುಗಿದು ಸೋಪಿನ ಜಾಹೀರಾತು ಶುರುವಾದ ಮೇಲೂ ಒಂದಿಷ್ಟು ಹೊತ್ತು ಇಬ್ಬರೂ ಏಳುವುದಿಲ್ಲ.